ದಾರಿ ತಪ್ಪಿದ ನೀಲಿ ಚುಕ್ಕೆ ಮತ್ತು ವಿಲಿಯಂ ಲ್ಯಾಂಬ್ಟನ್

ಹೋದ ವರ್ಷ ದಸರಾ ರಜೆಯಲ್ಲಿ ನಮ್ಮ ದಾದಾನ ಮೊಣಕಾಲು ತೋರಿಸಲು ವಿಜಯಪುರದ ಒಂದು ದೊಡ್ಡ ಆಸ್ಪತ್ರೆಗೆ ಹೋಗಿದ್ದೆವು. ಅಬ್ಬಾ ಬಿಲ್ ಕಟ್ಟುವ ಸಾಲಿನಲ್ಲಿ ನಿಂತರು. ನಾನು ಔಷಧ ತರಲು ಹೋದೆ. ಇಲ್ಲೇ ಕೂತಿರು ಎಂದು ದಾದಾನಿಗೆ ಹೇಳಿ ಹೋಗಿದ್ದೆ. ಹದಿನೈದು ನಿಮಿಷದ ಮೇಲೆ ಬಂದು ನೋಡಿದರೆ ಕುರ್ಚಿ ಖಾಲಿ.

ಗಾಬರಿಯಾಗಲಿಲ್ಲ. ದಾದಾನ ಜೇಬಿನಲ್ಲಿ ಫೋನ್ ಇತ್ತು, ಅದರ ಲೊಕೇಶನ್ ನನ್ನ ಫೋನಿನಲ್ಲಿ ಕಾಣುವಂತೆ ನಾನೇ ಮಾಡಿಟ್ಟಿದ್ದೆ. ತೆಗೆದು ನೋಡಿದೆ. ನೀಲಿ ಚುಕ್ಕೆ ಆಸ್ಪತ್ರೆಯ ಹೊರಗೆ, ರಸ್ತೆಯ ಆಚೆ ಬದಿಯ ಅಂಗಡಿಗಳ ಮೇಲೆ ಕೂತಿತ್ತು. ಅಲ್ಲಿಗೆ ಓಡಿದೆವು. ಇಲ್ಲ. ಮತ್ತೆ ನೋಡಿದರೆ ಚುಕ್ಕೆ ಹಿಂದಿನ ಓಣಿಗೆ ಹಾರಿತ್ತು. ಅಲ್ಲಿಯೂ ಇಲ್ಲ. ಫೋನ್ ಮಾಡಿದರೆ ಹತ್ತುತ್ತಿರಲಿಲ್ಲ. ದಾದಾನಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಗುಳಿಗೆ ನುಂಗಿ ಬಂದವನು, ಮಧ್ಯಾಹ್ನ ಎರಡಾದರೂ ಊಟ ಆಗಿರಲಿಲ್ಲ. ಒಂದು ಗಂಟೆ ಆ ಚುಕ್ಕೆಯ ಹಿಂದೆ ಬಿಸಿಲಿನಲ್ಲಿ ಅಲೆದೆವು.

ಅವನು ಕಟ್ಟಡ ಬಿಟ್ಟು ಹೊರಗೆ ಹೋಗಿರಲೇ ಇಲ್ಲ. ಲಿಫ್ಟಿನಲ್ಲಿ ತಪ್ಪು ಗುಂಡಿ ಒತ್ತಿ ನೆಲಮಾಳಿಗೆಗೆ ಇಳಿದು, ಸ್ಕ್ಯಾನಿಂಗ್ ಕೋಣೆಯ ಎದುರಿನ ಬೆಂಚಿನ ಮೇಲೆ ಮೈಯೆಲ್ಲ ಬೆವತು ಕೂತಿದ್ದ. ಅಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಸಕ್ಕರೆ ಹಾಕಿದ ಚಹಾ ತಂದುಕೊಟ್ಟು ಪಕ್ಕದಲ್ಲೇ ಕೂತಿದ್ದ. ನಮಗೆ ದಾದಾನನ್ನು ಹುಡುಕಿಕೊಟ್ಟವನೂ ಅವನೇ, ಫೋನ್ ಅಲ್ಲ.

ರಜೆ ಮುಗಿದ ಮೇಲೆ ಇದನ್ನು ನಮ್ಮ ಭೌತಶಾಸ್ತ್ರದ ಉಪನ್ಯಾಸಕರಿಗೆ ಹೇಳಿದೆ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿನಿಂದ ನನ್ನ ಊರನ್ನು, ಓಣಿಯನ್ನು, ಮನೆಯ ಕಟ್ಟೆಯನ್ನು ಗುರುತಿಸುವ ಯಂತ್ರಕ್ಕೆ ಒಂದು ಮಹಡಿ ಕೆಳಗೆ ಕೂತ ಮುದುಕ ಯಾಕೆ ಸಿಗಲಿಲ್ಲ ಎಂದು ಕೇಳಿದೆ. ಅವರು ಉತ್ತರ ಹೇಳುವ ಮೊದಲು ಒಬ್ಬ ಮನುಷ್ಯನ ಹೆಸರು ಹೇಳಿ, ಮೊದಲು ಅವರ ಜೀವನ ಓದಿಕೊಂಡು ಬಾ ಎಂದರು. ಆ ಹೆಸರು ವಿಲಿಯಂ ಲ್ಯಾಂಬ್ಟನ್. ನಾನು ಕೇಳಿರಲಿಲ್ಲ. ನಿಮ್ಮಲ್ಲಿಯೂ ಬಹಳ ಜನ ಕೇಳಿರಲಿಕ್ಕಿಲ್ಲ. ಆದರೆ ಅವರ ನಂತರ ಆ ಕುರ್ಚಿಯಲ್ಲಿ ಕೂತವರ ಹೆಸರು ಎಲ್ಲರಿಗೂ ಗೊತ್ತು, ಜಾರ್ಜ್ ಎವರೆಸ್ಟ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓದಲು ಕೂತಾಗ ನನಗೆ ಇಷ್ಟವಾಗಲಿಲ್ಲ. ಯಾಕೆಂದರೆ ಲ್ಯಾಂಬ್ಟನ್ ಕರ್ನಾಟಕಕ್ಕೆ ಬಂದದ್ದು ವಿಜ್ಞಾನಿಯಾಗಿ ಅಲ್ಲ, 1799ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದ ಜೊತೆ. ಟಿಪ್ಪು ಸುಲ್ತಾನ್ ಮೇ 4ರಂದು ಬಿದ್ದ ಆ ಯುದ್ಧದಲ್ಲಿ ಇವರು ಎದುರು ಪಾಳಯದ ಅಧಿಕಾರಿ. ಇಂಥವರ ಬಗ್ಗೆ ನಮ್ಮ ಕಾಲೇಜಿನ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಎರಡು ದಿನ ಯೋಚಿಸಿದೆ. ಅಲ್ ಬಿರೂನಿ ಬಗ್ಗೆ ಬರೆದರೆ ಸುಲಭವಿತ್ತು. ಸಾವಿರ ವರ್ಷದ ಹಿಂದೆ ಒಂದು ಬೆಟ್ಟದ ಎತ್ತರ ಮತ್ತು ದಿಗಂತದ ಇಳಿಕೆಯ ಕೋನ ಹಿಡಿದು ಭೂಮಿಯ ತ್ರಿಜ್ಯ ಲೆಕ್ಕ ಹಾಕಿದವರು ಅವರು, ಊರುಗಳ ಸ್ಥಾನ ಗೊತ್ತುಮಾಡುವುದರ ಬಗ್ಗೆಯೇ ಒಂದು ಪುಸ್ತಕ ಬರೆದವರು. ಆದರೆ ಅವರ ಕಥೆ ಪ್ರತಿ ವರ್ಷ ಯಾರಾದರೂ ಬರೆಯುತ್ತಾರೆ. ಲ್ಯಾಂಬ್ಟನ್ ನಡೆದಾಡಿದ್ದು ನಮ್ಮ ನೆಲದಲ್ಲಿ. ಓದುತ್ತ ಹೋದಂತೆ ನನ್ನ ಅಸಮಾಧಾನ ಪೂರ್ತಿ ಹೋಗಲಿಲ್ಲ, ಆದರೆ ಪುಸ್ತಕ ಕೆಳಗಿಡಲೂ ಆಗಲಿಲ್ಲ.

ಅವರು ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ನಾರ್ಥಲರ್ಟನ್ ಪಟ್ಟಣದ ಹತ್ತಿರ, 1750ರ ದಶಕದಲ್ಲಿ. ಹುಟ್ಟಿದ ವರ್ಷ ಇಂಥದ್ದೇ ಎಂದು ಯಾರೂ ಬರೆದಿಟ್ಟಿಲ್ಲ, ಅಷ್ಟು ಸಾಮಾನ್ಯರ ಮನೆ. ಊರಿನ ಶಾಲೆಯಲ್ಲಿ ಗಣಿತ ಚೆನ್ನಾಗಿ ಬರುತ್ತಿತ್ತು. ಮುಂದೆ ಸೈನ್ಯ ಸೇರಿದರು. ಅಮೆರಿಕಕ್ಕೆ ಹೋದರು. ಅಲ್ಲಿ ಯುದ್ಧ ಮುಗಿದ ಮೇಲೆ ಇಂದಿನ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಸಿಪಾಯಿಗಳ ವಸತಿ ನೋಡಿಕೊಳ್ಳುವ ನೌಕರಿ. ಹದಿಮೂರು ವರ್ಷದಷ್ಟು ಕಾಲ ಅದೇ ನೌಕರಿ, ಬಡ್ತಿ ಇಲ್ಲ, ಹೆಸರಿಲ್ಲ. ಸಿಕ್ಕ ಬಿಡುವಿನಲ್ಲಿ ಗಣಿತದ ಪುಸ್ತಕ ಓದಿದರು. ಸೂರ್ಯಗ್ರಹಣವೊಂದನ್ನು ಸರಿಯಾದ ಮರೆ ಇಲ್ಲದೆ ನೋಡಿ ಒಂದು ಕಣ್ಣಿನ ದೃಷ್ಟಿ ಹಾಳು ಮಾಡಿಕೊಂಡರು. ಮುಂದೆ ಇಪ್ಪತ್ತು ವರ್ಷ ದೂರದರ್ಶಕಕ್ಕೆ ಕಣ್ಣಿಟ್ಟು ಕೂರಬೇಕಾದ ಮನುಷ್ಯ ಒಂದೇ ಕಣ್ಣಿನಲ್ಲಿ ಆ ಕೆಲಸ ಮಾಡಿದರು.

ನಲವತ್ತು ದಾಟಿದ ಮೇಲೆ ಅವರನ್ನು ಭಾರತಕ್ಕೆ ಬರುತ್ತಿದ್ದ 33ನೇ ರೆಜಿಮೆಂಟಿಗೆ ಕರೆದರು. ಅದರ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಜೊತೆಯ ತರುಣ ಅಧಿಕಾರಿಗಳಿಗೆ ಈ ಮಾತು ಕಡಿಮೆಯ, ಮಿತವ್ಯಯದ, ವಯಸ್ಸಾದ ಲೆಫ್ಟಿನೆಂಟ್ ವಿಚಿತ್ರವಾಗಿ ಕಂಡಿರಬೇಕು.

1799ರ ಏಪ್ರಿಲ್ ತಿಂಗಳ ಒಂದು ರಾತ್ರಿ ಶ್ರೀರಂಗಪಟ್ಟಣದ ಹೊರಗೆ ನಡೆದದ್ದು ನನಗೆ ಬಹಳ ಹಿಡಿಸಿತು. ಜನರಲ್ ಬೇರ್ಡ್ ಎಂಬವನು ಒಂದು ತುಕಡಿ ಕಟ್ಟಿಕೊಂಡು ಕತ್ತಲಲ್ಲಿ ತೋಪೊಂದನ್ನು ಜಾಲಾಡಲು ಹೋಗಿದ್ದ. ಕೆಲಸ ಮುಗಿಸಿ ಮರಳಿ ಶಿಬಿರದ ಕಡೆ ಹೊರಟರು. ಗುರುತು ಹಿಡಿಯಲು ಗಿಡವಿಲ್ಲ, ದೀಪವಿಲ್ಲ. ಲ್ಯಾಂಬ್ಟನ್ ತಲೆ ಎತ್ತಿ ನಕ್ಷತ್ರ ನೋಡಿದರು. ದಕ್ಷಿಣಕ್ಕೆ ಹೋಗಬೇಕಾದ ತುಕಡಿ ಉತ್ತರಕ್ಕೆ, ಅಂದರೆ ನೇರ ಟಿಪ್ಪುವಿನ ಸೈನ್ಯದ ಬಾಯಿಗೆ ನಡೆಯುತ್ತಿತ್ತು. ಹೇಳಿದರೆ ಜನರಲ್ ಸಿಟ್ಟಾದ, ದಾರಿ ತನಗೆ ಗೊತ್ತು, ನಕ್ಷತ್ರ ನೋಡುವ ಅಗತ್ಯವಿಲ್ಲ ಎಂಬ ಧಾಟಿ ಅವನದು. ಕಡೆಗೆ ದಿಕ್ಸೂಚಿ ತೆಗೆದು ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ನಿಜವಾಗಿತ್ತು. ತಿರುಗಿ ಬಂದರು. ಅವರು ತಿರುಗದೇ ಹೋಗಿದ್ದರೆ ಆ ರಾತ್ರಿ ಏನಾಗುತ್ತಿತ್ತು ಎಂದು ನಾನು ಬೇರೆ ಕಾರಣಕ್ಕೂ ಯೋಚಿಸಿದ್ದುಂಟು. ಅದು ಇಲ್ಲಿ ಬೇಡ.

ಇದನ್ನು ಓದಿದ ದಿನ ನನಗೆ ನಮ್ಮ ಫೋನ್ ನೆನಪಾಯಿತು. ಫೋನ್ ಮಾಡುವುದೂ ಇದನ್ನೇ. ಆಕಾಶದಲ್ಲಿ ಸ್ಥಾನ ಗೊತ್ತಿರುವ ಬೆಳಕುಗಳನ್ನು ಹುಡುಕುವುದು. ನಕ್ಷತ್ರದ ಬದಲು ಉಪಗ್ರಹ, ಅಷ್ಟೇ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಾವು ಎಲ್ಲಿದ್ದೇವೆ, ಈಗ ಸಮಯ ಎಷ್ಟು ಎಂದು ಸದಾ ಹೇಳುತ್ತಿರುತ್ತವೆ. ಸಂಕೇತ ಬಂದು ತಲುಪಲು ಹಿಡಿದ ಸಮಯದಿಂದ ಫೋನ್ ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಕಂಡರೆ ಸ್ಥಾನ ಸಿಗುತ್ತದೆ. ಬೆಳಕಿನ ವೇಗದಲ್ಲಿ ಓಡುವ ಸಂಕೇತವಾದ್ದರಿಂದ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಜಾಗ 300 ಮೀಟರ್ ತಪ್ಪುತ್ತದೆ. ಅಷ್ಟು ದೂರದಿಂದ ಬರುವಷ್ಟರಲ್ಲಿ ಸಂಕೇತ ತೀರಾ ಬಳಲಿರುತ್ತದೆ. ಬಯಲಿನಲ್ಲಿ ಸಾಕು. ಕಾಂಕ್ರೀಟ್ ಛಾವಣಿ, ಕಬ್ಬಿಣದ ಸರಳು, ಅದರ ಕೆಳಗೆ ಇನ್ನೊಂದು ಮಹಡಿ ಬಂದರೆ ಸತ್ತುಹೋಗುತ್ತದೆ. ದಾದಾ ಕೂತಿದ್ದ ನೆಲಮಾಳಿಗೆಗೆ ನಕ್ಷತ್ರವೇ ಕಾಣುತ್ತಿರಲಿಲ್ಲ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಲ್ಯಾಂಬ್ಟನ್ ಒಂದು ಯೋಜನೆ ಬರೆದು ಮೇಲಿನವರಿಗೆ ಕೊಟ್ಟರು. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ಇಡೀ ದಕ್ಷಿಣ ಭಾರತವನ್ನು ತ್ರಿಕೋನಗಳ ಬಲೆಯಲ್ಲಿ ಅಳೆಯುವುದು. ಒಂದು ಗೆರೆಯನ್ನು ಮಾತ್ರ ಸರಪಳಿ ಹಿಡಿದು ನೆಲದ ಮೇಲೆ ಅಳೆಯುವುದು. ಅದರ ಎರಡೂ ತುದಿಯಲ್ಲಿ ನಿಂತು ದೂರದ ಬೆಟ್ಟಕ್ಕೆ ಕೋನ ನೋಡುವುದು. ಒಂದು ಬದಿ, ಎರಡು ಕೋನ ಗೊತ್ತಾದರೆ ತ್ರಿಕೋನ ಪೂರ್ತಿ ಗೊತ್ತಾಗುತ್ತದೆ, ಇದು ನಮ್ಮ ಪಾಠದಲ್ಲೇ ಇದೆ. ಆ ಬೆಟ್ಟಕ್ಕೆ ಹೋಗಿ ಮುಂದಿನ ಬೆಟ್ಟ ನೋಡುವುದು. ಆಮೇಲೆ ಸರಪಳಿ ಬೇಡ, ನೋಟ ಸಾಕು. ಇದಕ್ಕೆ ಇನ್ನೊಂದು ದೊಡ್ಡ ಆಸೆಯೂ ಸೇರಿತ್ತು. ಹೀಗೆ ಉತ್ತರ ದಕ್ಷಿಣವಾಗಿ ಅಳೆದರೆ ಭೂಮಿಯ ಆಕಾರ ಎಂಥದ್ದು, ಧ್ರುವಗಳಲ್ಲಿ ಎಷ್ಟು ಚಪ್ಪಟೆ ಎಂದು ತಿಳಿಯಬಹುದು.

ಮದರಾಸಿನ ಅಧಿಕಾರಿಗಳಲ್ಲಿ ಕೆಲವರಿಗೆ ಇದು ದುಂದುವೆಚ್ಚ ಎನಿಸಿತು. ಒಬ್ಬರಂತೂ, ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಊರ ಹೆಸರು ಹೇಳಿದರೆ ಸಾಕು, ಅವರು ಮುಟ್ಟಿಸುತ್ತಾರೆ, ಅದಕ್ಕೆ ಈ ನಕ್ಷೆ ಯಾಕೆ ಎಂದು ವಾದಿಸಿದರು. ಇದನ್ನು ಓದಿ ನಕ್ಕುಬಿಟ್ಟೆ. ನಮ್ಮ ದಾದಾನ ವಾದವೂ ಇದೇ. ಬಾಯಿ ಇದ್ದವನು ಬಾಗಲಕೋಟೆಗೂ ಹೋಗುತ್ತಾನೆ ಬೊಂಬಾಯಿಗೂ ಹೋಗುತ್ತಾನೆ ಎನ್ನುವುದು ಅವನ ಮಾತು.

1800ರಲ್ಲಿ ಅನುಮತಿ ಸಿಕ್ಕಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಮೊದಲ ಆಧಾರರೇಖೆ ಅಳೆದರು. ಬಳಸಿದ್ದು ನೂರು ಅಡಿಯ ಉಕ್ಕಿನ ಸರಪಳಿ. ಆ ಸರಪಳಿಯದೂ ಒಂದು ಕಥೆ. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಇಂಗ್ಲಿಷ್ ರಾಯಭಾರಿ ತೆಗೆದುಕೊಂಡು ಹೋಗಿದ್ದ ಸಾಮಾನಿನಲ್ಲಿ ಅದೂ ಇತ್ತು, ಚಕ್ರವರ್ತಿಗೆ ಬೇಡವಾಯಿತು, ತಿರುಗಾಡುತ್ತ ಕಲ್ಕತ್ತೆಗೆ ಬಂದು ಇವರ ಕೈ ಸೇರಿತು. ಕೋನ ನೋಡುವ ದೊಡ್ಡ ಥಿಯೋಡೊಲೈಟ್ ಯಂತ್ರವನ್ನು ಲಂಡನ್ನಿನಲ್ಲಿ ಮಾಡಿಸಿದರು. ಅದು ಅರ್ಧ ಟನ್ ಭಾರ, ಅದರ ಚಕ್ರ ಮೂರು ಅಡಿ ಅಗಲ. ಬರುವ ದಾರಿಯಲ್ಲಿ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಪೆಟ್ಟಿಗೆ ಬಿಚ್ಚಿ ನೋಡಿದರೆ ಆಯುಧವಲ್ಲ, ವಿಜ್ಞಾನದ ಉಪಕರಣ. ಅಲ್ಲಿಯ ಫ್ರೆಂಚ್ ಗವರ್ನರ್ ಅದನ್ನು ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟ. ಯುದ್ಧದ ನಡುವೆ ಹೀಗೂ ನಡೆಯುತ್ತಿತ್ತು.

1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ನಿಜವಾದ ಕೆಲಸ ಶುರುವಾಯಿತು. ಅಲ್ಲಿಯೂ ಏಳೂವರೆ ಮೈಲಿಯ ರೇಖೆ. ಸರಪಳಿಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುವಂತಿಲ್ಲ. ಅದಕ್ಕೆ ಮರದ ತೊಟ್ಟಿಗಳು, ತೊಟ್ಟಿಗಳ ಕೆಳಗೆ ಮಟ್ಟ ನೋಡಿ ನಿಲ್ಲಿಸಿದ ಕಾಲುಗಳು, ಮೇಲೆ ಬಿಸಿಲು ತಾಗದಂತೆ ಡೇರೆ, ಪಕ್ಕದಲ್ಲಿ ಉಷ್ಣಮಾಪಕಗಳು. ಇಷ್ಟೆಲ್ಲ ಯಾಕೆ? ನಾನೇ ಲೆಕ್ಕ ಹಾಕಿ ನೋಡಿದೆ. ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ನೂರು ಅಡಿ ಉಕ್ಕು ಅಡಿಯ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ. ಏನೂ ಅಲ್ಲ ಎನಿಸುತ್ತದೆ. ಆದರೆ ಸುಮಾರು ನಾನೂರು ಸಲ ಸರಪಳಿ ಹಾಸಬೇಕು. ಆಗ ತಪ್ಪು ಹತ್ತಿರ ಹತ್ತಿರ ಐದು ಅಡಿ. ಆ ಐದು ಅಡಿ ತಪ್ಪಿನ ಮೇಲೆ ಇಡೀ ಹಿಂದೂಸ್ತಾನದ ತ್ರಿಕೋನಗಳು ನಿಲ್ಲಬೇಕಾಗುತ್ತಿತ್ತು. ಏಪ್ರಿಲ್ ಮೇ ತಿಂಗಳ ಮದರಾಸಿನ ಧಗೆಯಲ್ಲಿ ಅದನ್ನು ಮುಗಿಸಿದರು.

ಇದು ಎಷ್ಟು ಕಷ್ಟ ಎಂದು ನಂಬಿಕೆ ಬರಲಿಲ್ಲವಾದ್ದರಿಂದ ನಾವು ಮೂವರು ಗೆಳೆಯರು ಒಂದು ಭಾನುವಾರ ಪ್ರಯೋಗ ಮಾಡಿದೆವು. ಊರ ಹೊರಗಿನ ಜೋಳದ ಹೊಲದ ಬದುವಿನಲ್ಲಿ ನಿಂತರೆ ಕೂಡಗಿ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತದಲ್ಲ, ಅದಕ್ಕೆ ಎಷ್ಟು ದೂರ ಎಂದು ಕೂತಲ್ಲೇ ಅಳೆಯುವುದು. ಹಗ್ಗ ಹಿಡಿದು ನೂರು ಮೀಟರ್ ಆಧಾರರೇಖೆ ಮಾಡಿದೆವು. ಎರಡೂ ತುದಿಯಲ್ಲಿ ರಟ್ಟಿನ ಮೇಲೆ ಕೋನಮಾಪಕ ಅಂಟಿಸಿ, ಪೆನ್ನಿನ ಕೊಳವೆಯಲ್ಲಿ ಚಿಮಣಿ ನೋಡಿ ಕೋನ ಬರೆದುಕೊಂಡೆವು. ಮೊದಲ ಸಲ ಉತ್ತರ ಮೂರು ಕಿಲೋಮೀಟರ್ ಬಂತು. ಎರಡನೇ ಸಲ ಒಂಬತ್ತು. ಚಿಮಣಿಯೇನೂ ನಡೆದು ಹೋಗಿರಲಿಲ್ಲ. ನಮ್ಮ ರೇಖೆ ಬಹಳ ಗಿಡ್ಡ, ತ್ರಿಕೋನ ಬಹಳ ಚೂಪು, ಕೋನ ಅರ್ಧ ಡಿಗ್ರಿ ಆಚೀಚೆಯಾದರೂ ದೂರ ಕಿಲೋಮೀಟರುಗಟ್ಟಲೆ ಓಡುತ್ತಿತ್ತು. ಏಳೂವರೆ ಮೈಲಿ ರೇಖೆ ಮತ್ತು ಅರ್ಧ ಟನ್ ಯಂತ್ರ ಯಾಕೆ ಬೇಕಾಯಿತು ಎಂದು ಆ ಹೊಲದಲ್ಲಿ ತಿಳಿಯಿತು.

ಮುಂದಿನ ನಾಲ್ಕು ವರ್ಷದಲ್ಲಿ ಲ್ಯಾಂಬ್ಟನ್ ಮದರಾಸಿನಿಂದ ಬೆಂಗಳೂರು ದಾಟಿ ಮಂಗಳೂರಿನ ಕಡಲವರೆಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆದರು. ಹಳೆಯ ನಕ್ಷೆಗಳಲ್ಲಿ ಆ ಅಗಲ 400 ಮೈಲಿ ಇತ್ತು. ಇವರ ಲೆಕ್ಕದಲ್ಲಿ ಬಂದದ್ದು 360. ನಲವತ್ತು ಮೈಲಿ ನೆಲ ಒಮ್ಮೆಲೇ ಇಲ್ಲವಾಯಿತು. ಪಲ್ಲಕ್ಕಿಯ ವಾದ ಮಾಡಿದವರು ಆಮೇಲೆ ಏನು ಹೇಳಿದರೋ.

ಪಶ್ಚಿಮದ ಕಡೆ ಗುಡ್ಡಗಳಿದ್ದವು, ಒಂದರ ನೆತ್ತಿಯಿಂದ ಇನ್ನೊಂದು ಕಾಣುತ್ತಿತ್ತು. ಕಾವೇರಿಯ ಬಯಲಿಗೆ ಇಳಿದಾಗ ತೊಂದರೆ ಶುರುವಾಯಿತು. ನೆಲ ಹಲಗೆಯಂತೆ ಸಮ. ಎಲ್ಲಿ ನೋಡಿದರೂ ತೆಂಗು, ತಾಳೆ. ನೋಟವೇ ಹಾಯುವುದಿಲ್ಲ. ಮನೆಯೊಳಗೆ ಫೋನಿಗೆ ಆಗುವುದೂ ಇದೇ, ದೃಷ್ಟಿರೇಖೆ ಕಡಿಯುತ್ತದೆ. ಲ್ಯಾಂಬ್ಟನ್ ಏನು ಮಾಡಿದರು ಎಂದರೆ, ಅಲ್ಲಿ ಆಗಲೇ ಇದ್ದ ಎತ್ತರಗಳನ್ನು ಬಳಸಿದರು, ಅಂದರೆ ದೇವಸ್ಥಾನಗಳ ಗೋಪುರ. 1808ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಶಿಖರಕ್ಕೆ ಥಿಯೋಡೊಲೈಟನ್ನು ಹಗ್ಗ ಕಟ್ಟಿ ಏರಿಸುತ್ತಿದ್ದಾಗ ಅಡ್ಡಹಗ್ಗ ಹರಿಯಿತು. ಪೆಟ್ಟಿಗೆ ತೂಗಿಕೊಂಡು ಹೋಗಿ ಗೋಡೆಗೆ ಅಪ್ಪಳಿಸಿತು. ಕೋನಗಳನ್ನು ಕೊರೆದಿದ್ದ ಮುಖ್ಯ ಚಕ್ರವೇ ಸೊಟ್ಟಗಾಯಿತು.

ಹೊಸದು ತರಿಸಬೇಕೆಂದರೆ ಲಂಡನ್ನಿನಿಂದ ವರ್ಷಗಳು. ಲ್ಯಾಂಬ್ಟನ್ ಯಾರನ್ನೂ ಬೈದ ದಾಖಲೆ ನನಗೆ ಸಿಗಲಿಲ್ಲ. ಯಂತ್ರವನ್ನು ಪೂರ್ತಿ ಬಿಚ್ಚಿ, ಚಕ್ರದ ಸರಿಯಾದ ಅಳತೆಯನ್ನು ಗುರುತು ಮಾಡಿಟ್ಟುಕೊಂಡು, ಬೆಣೆ, ತಿರುಪು, ರಾಟೆಗಳಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಳೆದು ಅದನ್ನು ಮತ್ತೆ ದುಂಡಗೆ ಮಾಡಿದರು. ಆರು ವಾರ ಹಿಡಿಯಿತು. ನಮ್ಮ ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ ಒಮ್ಮೆ ಕೆಳಗೆ ಬಿದ್ದರೆ ಅದನ್ನು ಮೂಲೆಗೆ ಎಸೆಯುತ್ತೇವೆ. ಆರು ವಾರ ಒಂದು ಚಕ್ರದ ಎದುರು ಕೂತ ಆ ಮನುಷ್ಯನ ಚಿತ್ರ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಅದೇ ಯಂತ್ರದಿಂದ ಅವರು ಕನ್ಯಾಕುಮಾರಿ ಕಡೆಗೂ ಆಮೇಲೆ ಉತ್ತರಕ್ಕೂ ನಡೆದರು. ಅಲ್ಲಲ್ಲಿ ಹೊಸ ಆಧಾರರೇಖೆ ಅಳೆದು, ಲೆಕ್ಕದಲ್ಲಿ ಬಂದ ಉದ್ದಕ್ಕೂ ಸರಪಳಿಯಲ್ಲಿ ಬಂದ ಉದ್ದಕ್ಕೂ ತಾಳೆ ನೋಡುತ್ತಿದ್ದರು. ಹಾಗೆ ಅಳೆದ ಒಂದು ರೇಖೆ 1815ರಲ್ಲಿ ನಮ್ಮ ಬೀದರಿನ ಬಳಿ.

ಒಬ್ಬರೇ ಮಾಡಿದ್ದಲ್ಲ ಇದು. ಬೆಟ್ಟದ ಮೇಲೆ ಬಾವುಟ ಹಿಡಿದು ದಿನಗಟ್ಟಲೆ ನಿಂತವರು, ಯಂತ್ರ ಹೊತ್ತವರು, ಗಿಡ ಕಡಿದು ದಾರಿ ಮಾಡಿದವರು ಈ ನಾಡಿನವರು. ಕಾಡುಜ್ವರದಲ್ಲಿ ಬಹಳ ಜನ ಸತ್ತರು. ಅವರ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ಮುಂದೆ ಎವರೆಸ್ಟ್ ಕಾಲದಲ್ಲಿ ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಎಂಬ ಕುಶಲಕರ್ಮಿ ಇಂಥ ಯಂತ್ರಗಳನ್ನು ದುರಸ್ತಿ ಮಾಡುವುದರಲ್ಲಿ ಹೆಸರಾದರು, ಕಂಪನಿಯ ಗಣಿತೋಪಕರಣ ತಯಾರಕರ ಹುದ್ದೆಗೂ ಏರಿದರು. ಗಣಿತಜ್ಞ ರಾಧಾನಾಥ ಸಿಕ್ದಾರ್ ಹಿಮಾಲಯದ ಅತಿ ಎತ್ತರದ ಶಿಖರವನ್ನು ಲೆಕ್ಕದಲ್ಲಿ ಕಂಡುಹಿಡಿದರು. ಇವರಿಬ್ಬರ ಹೆಸರಾದರೂ ಉಳಿದಿದೆ. ನಕ್ಷೆ ಆದ ಮೇಲೆ ಅದನ್ನು ಕಂದಾಯಕ್ಕೆ, ಸೈನ್ಯಕ್ಕೆ, ಆಳ್ವಿಕೆಗೆ ಬಳಸಿದರು ಎನ್ನುವುದೂ ನಿಜ. ಅಳೆದವರಿಗೆ ಭೂಮಿಯ ಆಕಾರ ಬೇಕಿತ್ತು, ಅಳೆಸಿದವರಿಗೆ ಭೂಮಿ.

ಇಷ್ಟು ಓದಿಕೊಂಡು ಹೋಗಿ ಉಪನ್ಯಾಸಕರ ಎದುರು ನಿಂತಾಗ ಅವರು ನನ್ನ ಹಳೆಯ ಪ್ರಶ್ನೆಗೆ ಬಂದರು. ಕಟ್ಟಡದೊಳಗೆ ಉಪಗ್ರಹ ಕಾಣದಿದ್ದರೆ ಅಲ್ಲಿಯೇ ಬೇರೆ ಬೆಟ್ಟಗಳನ್ನು ಹುಡುಕಬೇಕು, ಲ್ಯಾಂಬ್ಟನ್ ಗೋಪುರ ಹುಡುಕಿದ ಹಾಗೆ. ವೈಫೈ ಪೆಟ್ಟಿಗೆಗಳು ಅಂಥ ಬೆಟ್ಟಗಳು. ಗೋಡೆಗೆ ಅಂಟಿಸುವ ಸಣ್ಣ ಬ್ಲೂಟೂತ್ ದೀಪಸ್ತಂಭಗಳೂ ಇವೆ. ಅವು ಎಲ್ಲಿವೆ ಎಂದು ಮೊದಲೇ ಅಳೆದಿಟ್ಟಿದ್ದರೆ, ಯಾವುದರ ಸಂಕೇತ ಎಷ್ಟು ಜೋರಾಗಿ ಬರುತ್ತಿದೆ ಎಂದು ನೋಡಿ ಫೋನ್ ತನ್ನ ಜಾಗ ಊಹಿಸುತ್ತದೆ. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಹೊಸ ವಿಧಾನ ಸಂಕೇತ ಹೋಗಿಬರುವ ಸಮಯವನ್ನೇ ಅಳೆಯುತ್ತದೆ, ಅಂಗೈಯಗಲಗಳ ಲೆಕ್ಕದಲ್ಲಿ ಜಾಗ ಹೇಳಬಲ್ಲದು. ಲ್ಯಾಂಬ್ಟನ್ ಕೋನ ನೋಡಿದರು, ಇವು ಹೆಚ್ಚಾಗಿ ದೂರ ನೋಡುತ್ತವೆ. ತ್ರಿಕೋನ ಅದೇ.

ಫೋನಿನೊಳಗೆ ಹೆಜ್ಜೆ ಎಣಿಸುವ, ತಿರುವು ತಿಳಿಯುವ ಸಂವೇದಕಗಳೂ ಇವೆ. ಬಾಗಿಲಿನಿಂದ ಇಷ್ಟು ಹೆಜ್ಜೆ, ಎಡಕ್ಕೆ ತಿರುಗಿ ಇಷ್ಟು ಹೆಜ್ಜೆ ಎಂದು ಲೆಕ್ಕ ಇಡಬಹುದು. ಆದರೆ ಸರಪಳಿಯ ಹಿಗ್ಗಿನ ಹಾಗೆ ತಪ್ಪು ಕೂಡುತ್ತ ಹೋಗುತ್ತದೆ, ನಡುನಡುವೆ ಗೊತ್ತಿರುವ ಜಾಗ ಸಿಕ್ಕಿ ತಾಳೆ ನೋಡದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಗೋಡೆಯೊಳಗೆ ನಡೆಯುತ್ತಿದ್ದೀರಿ ಎನ್ನುತ್ತದೆ. ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಭಾಗವೂ ಇದೆ. ಒಂದು ಮಹಡಿ ಏರಿದರೆ ಒತ್ತಡ ಮೂರನೇ ಒಂದು ಮಿಲಿಬಾರಿನಷ್ಟು ಇಳಿಯುತ್ತದೆ, ಅಷ್ಟನ್ನೂ ಅದು ಹಿಡಿಯುತ್ತದೆ. ನೀಲಿ ಚುಕ್ಕೆಯಲ್ಲಿ ಮೇಲೆ ಕೆಳಗೆ ಎನ್ನುವುದೇ ಕಾಣದಿದ್ದದ್ದರಿಂದ ನಾವು ಆವತ್ತು ನೆಲಮಾಳಿಗೆಯನ್ನು ಯೋಚಿಸಿರಲೇ ಇಲ್ಲ.

ಚುಕ್ಕೆ ರಸ್ತೆಯಿಂದ ಓಣಿಗೆ ಯಾಕೆ ಹಾರಿತು ಎಂಬುದಕ್ಕೆ ಗೋಲ್ ಗುಂಬಜ್ ನೆನಪಿಸಿಕೊಳ್ಳಿ ಎಂದರು. ನಾವೆಲ್ಲ ಶಾಲೆಯಿಂದ ಹೋದವರೇ. ಮೇಲಿನ ಮೊಗಸಾಲೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲವಾದರೂ ಮರಳಿ ಬರುತ್ತದೆ. ಗೆಳೆಯ ಎದುರು ಬದಿಯಲ್ಲಿ ಪಿಸುಗುಟ್ಟಿದರೆ ಕಿವಿಯ ಪಕ್ಕದಲ್ಲೇ ಕೇಳುತ್ತದೆ. ಕಣ್ಣು ಮುಚ್ಚಿ ಕೂತರೆ ಯಾರು ಎಲ್ಲಿದ್ದಾರೆ ಎಂದು ಹೇಳಲು ಸಾಧ್ಯವೇ ಇಲ್ಲ. ಉಪಗ್ರಹದ ಸಂಕೇತವೂ ಅಕ್ಕಪಕ್ಕದ ಗೋಡೆ, ಗಾಜು, ತಗಡಿಗೆ ಬಡಿದು ಸುತ್ತಿ ಬರುತ್ತದೆ. ಸುತ್ತಿ ಬಂದದ್ದು ತಡವಾಗಿ ಬರುತ್ತದೆ. ತಡವಾದದ್ದನ್ನು ಫೋನ್ ದೂರ ಎಂದು ತಿಳಿಯುತ್ತದೆ. ಪಾಪ, ಅದು ಸುಳ್ಳು ಹೇಳುವುದಿಲ್ಲ, ಪ್ರತಿಧ್ವನಿಯನ್ನು ನಂಬುತ್ತದೆ.

ಹಾಗಾದರೆ ಆ ಆಸ್ಪತ್ರೆಯಲ್ಲಿ ವೈಫೈ ಇತ್ತಲ್ಲ ಎಂದೆ. ಇತ್ತು, ಆದರೆ ಅದರ ಒಳಗನ್ನು ಯಾರೂ ಅಳೆದಿರಲಿಲ್ಲ. ಒಂದು ಕಟ್ಟಡದ ಒಳಗಿನ ನಕ್ಷೆ ಬೇಕೆಂದರೆ ಒಬ್ಬ ಮನುಷ್ಯ ಉಪಕರಣ ಹಿಡಿದು ಪ್ರತಿ ಮಹಡಿ, ಪ್ರತಿ ಮೊಗಸಾಲೆ, ಪ್ರತಿ ಮೂಲೆಯಲ್ಲಿ ನಿಂತು, ಇಲ್ಲಿ ಯಾವ ಸಂಕೇತ ಎಷ್ಟು ಎಂದು ಬರೆದುಕೊಂಡು ಹೋಗಬೇಕು. ಪೆಟ್ಟಿಗೆ ಬದಲಿಸಿದರೆ ಮತ್ತೆ ಬರೆಯಬೇಕು. ಇನ್ನೂರು ವರ್ಷದ ಹಿಂದೆ ಸರಪಳಿ ಹಿಡಿದವರ ಕೆಲಸವೇ ಇದು. ಕೆಲವು ದೊಡ್ಡ ವಿಮಾನ ನಿಲ್ದಾಣ, ಮಾಲ್‌ಗಳಲ್ಲಿ ಮಾಡಿದ್ದಾರೆ. ಸಕ್ಕರೆ ಕಡಿಮೆಯಾಗಿ ಮುದುಕರು ಕೂರುವ ಜಾಗಗಳಲ್ಲಿ ಮಾಡುವ ಆತುರ ಯಾರಿಗೂ ಕಾಣುವುದಿಲ್ಲ.

ಲ್ಯಾಂಬ್ಟನ್ ಕೊನೆಯ ದಿನಗಳನ್ನು ಬೇಗ ಹೇಳಿಬಿಡುತ್ತೇನೆ. 1818ರಲ್ಲಿ ಅವರ ಕೆಲಸಕ್ಕೆ ಭಾರತದ ಮಹಾ ತ್ರಿಕೋನಮಿತಿ ಸಮೀಕ್ಷೆ ಎಂಬ ಹೆಸರು ಬಂತು, ಎವರೆಸ್ಟ್ ಸಹಾಯಕರಾಗಿ ಬಂದರು. ಲಂಡನ್ನಿನ ರಾಯಲ್ ಸೊಸೈಟಿ ಮತ್ತು ಫ್ರೆಂಚ್ ವಿಜ್ಞಾನ ಅಕಾಡೆಮಿಯ ಗೌರವ ಬಂದದ್ದೂ ಅರವತ್ತು ದಾಟಿದ ಮೇಲೆಯೇ. ಒಂದೂವರೆ ಲಕ್ಷ ಚದರ ಮೈಲಿಗೂ ಹೆಚ್ಚು ನೆಲವನ್ನು ತ್ರಿಕೋನದಲ್ಲಿ ಹಿಡಿದಿದ್ದರು. ಕ್ಷಯದಿಂದ ಕೆಮ್ಮುತ್ತಲೇ ಹೈದರಾಬಾದಿನಿಂದ ನಾಗಪುರದ ಕಡೆ ಕಚೇರಿ ಸಾಗಿಸುತ್ತಿದ್ದಾಗ, ಇಂದಿನ ಮಹಾರಾಷ್ಟ್ರದ ವಾರ್ಧಾ ಜಿಲ್ಲೆಯ ಹಿಂಗನಘಾಟ್‌ನಲ್ಲಿ 1823ರ ಜನವರಿಯಲ್ಲಿ ತೀರಿಕೊಂಡರು. ಎಪ್ಪತ್ತರ ಆಸುಪಾಸು ವಯಸ್ಸು. ಇಂಗ್ಲೆಂಡಿಗೆ ಮರಳಿ ಹೋಗಲೇ ಇಲ್ಲ. ಸಮಾಧಿ ಅಲ್ಲೇ ಇದೆ. ಜಗತ್ತಿನ ಅತಿ ಎತ್ತರದ ಶಿಖರಕ್ಕೆ ಉತ್ತರಾಧಿಕಾರಿಯ ಹೆಸರು ಬಂತು. ಇವರ ಹೆಸರಿನ ಬೆಟ್ಟ ನನಗೆ ಸಿಕ್ಕಿಲ್ಲ.

ಹೋದ ತಿಂಗಳು ದಾದಾನನ್ನು ಮತ್ತೆ ಅದೇ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಈ ಸಲ ನಾನು ಸಿದ್ಧನಾಗಿ ಹೋಗಿದ್ದೆ. ಅಬ್ಬಾ ಸಾಲಿನಲ್ಲಿ ನಿಂತಾಗ ದಾದಾನ ಕೈ ಹಿಡಿದು ಇಡೀ ನೆಲಮಹಡಿ ನಡೆದೆ. ಮುಖ್ಯ ಬಾಗಿಲಿನ ಎಡಗಡೆ ಇರುವ ದೊಡ್ಡ ಕಂಬವನ್ನು ಮೊದಲ ಗುರುತು ಮಾಡಿಕೊಂಡೆ. ಕಂಬದಿಂದ ಲಿಫ್ಟಿಗೆ ಅವನ ಹೆಜ್ಜೆಯಲ್ಲಿ ಅರವತ್ತೆರಡು. ಲಿಫ್ಟಿನಿಂದ ಔಷಧದ ಕಿಟಕಿಗೆ ಮೂವತ್ತೊಂಬತ್ತು, ಬಲಕ್ಕೆ ತಿರುಗಿ. ನೆಲಮಾಳಿಗೆಗೂ ಇಳಿದು ಬೆಂಚಿನ ಜಾಗ ಗುರುತು ಹಾಕಿದೆ. ಮರಳಿ ನಡೆದು ಎಣಿಸಿದಾಗ ಅರವತ್ತೆರಡು ಅರವತ್ತೇಳಾಯಿತು, ಮೊಣಕಾಲು ನೋಯುತ್ತಿತ್ತಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ನಕ್ಷೆ ಬರೆದು, ಅಕ್ಷರ ದೊಡ್ಡದಾಗಿ ಮಾಡಿ ಅವನ ಕೈಗೆ ಕೊಟ್ಟೆ. ಫೋನ್ ತೆಗೆದು ನೋಡಿದರೆ ನಾವಿಬ್ಬರೂ ರಸ್ತೆಯ ಆಚೆ ಬದಿಯ ಅಂಗಡಿಯಲ್ಲಿದ್ದೆವು.

ದಾದಾ ನಕ್ಷೆಯನ್ನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. ನಾಲ್ಕು ಮಡಿಕೆ ಮಾಡಿ ಕುರ್ತಾದ ಜೇಬಿನಲ್ಲಿಟ್ಟುಕೊಂಡ. ಆಮೇಲೆ ನೇರ ಬಾಗಿಲ ಕಾವಲುಗಾರನ ಹತ್ತಿರ ಹೋಗಿ, ಎಕ್ಸ್‌ರೇ ಕೋಣೆ ಎಲ್ಲಿ ಬರುತ್ತದೆ ಎಂದು ಕೇಳಿದ.